ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಸ್ಲೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಟರಿಯಲ್ಲಿ ಚೆನ್ನಾಗೇ ಓಡುತ್ತದೆ, ಚಾರ್ಜರ್ ಚುಚ್ಚಿದ ತಕ್ಷಣ ಮೌಸ್ ಕೂಡ ಎಳೆದಾಡುತ್ತದೆ. ಮೈಸೂರು, ಮಂಡ್ಯ ಕಡೆಯಿಂದ ಈ ದೂರು ಹೇಳಿಕೊಂಡು ಬರುವವರಲ್ಲಿ ಎಷ್ಟೋ ಜನ ಆಗಲೇ ಒಂದು ಸಲ ಫಾರ್ಮ್ಯಾಟ್ ಮಾಡಿಸಿ, ದುಡ್ಡೂ ಕೊಟ್ಟು, ಫೋಟೋಗಳನ್ನೂ ಕಳೆದುಕೊಂಡಿರುತ್ತಾರೆ. ಅದಕ್ಕೇ ಇದನ್ನು ಬರೆದಿದ್ದು. ವಿಂಡೋಸ್ ಲ್ಯಾಪ್‌ಟಾಪ್ ಅಂತ ಇಟ್ಟುಕೊಂಡೇ ಹೇಳುತ್ತೇನೆ. ಮ್ಯಾಕ್ ಇರುವವರಿಗೆ ಕೆಳಗೆ ಬೇರೆ ಉತ್ತರ ಇದೆ.

ಚಾರ್ಜರ್ ಹಾಕಿದರೆ ಸ್ಪೀಡ್ ಜಾಸ್ತಿ ಆಗಬೇಕು ಅಲ್ವಾ? ಇದೇನು ಉಲ್ಟಾ?

ಹೌದು, ಜಾಸ್ತಿ ಆಗಬೇಕು. ಬ್ಯಾಟರಿಯಲ್ಲಿದ್ದಾಗ ಕರೆಂಟ್ ಉಳಿಸೋಕೆ ಅಂತ ವಿಂಡೋಸ್ ಪ್ರೊಸೆಸರನ್ನು ಸ್ವಲ್ಪ ಹಿಡಿದಿಡುತ್ತದೆ, ಪ್ಲಗ್ ಹಾಕಿದರೆ ಬಿಡುತ್ತದೆ. ಉಲ್ಟಾ ಆಗುತ್ತಿದೆ ಅಂದರೆ ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲೇ ಅಲ್ಲ. ಬಹಳ ಸಲ ಅದು ಬೇಕಂತಲೇ ನಿಧಾನ ಆಗಿರುತ್ತದೆ. ಬರುತ್ತಿರುವ ಕರೆಂಟ್ ಸಾಲದು ಅಂತಲೋ, ಅಡಾಪ್ಟರ್ ಯಾವುದು ಅಂತ ಗುರುತು ಸಿಗಲಿಲ್ಲ ಅಂತಲೋ, ಒಳಗೆ ಕಾದಿದೆ ಅಂತಲೋ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ. ಇನ್ನು ಕೆಲವು ಸಲ ಸ್ಪೀಡ್ ಸರಿಯಾಗೇ ಇರುತ್ತದೆ, ಆದರೆ ಪ್ಲಗ್ ಬರಲಿ ಅಂತ ಕಾಯುತ್ತಿದ್ದ ಕೆಲಸಗಳೆಲ್ಲ ಒಟ್ಟಿಗೆ ಶುರುವಾಗಿರುತ್ತವೆ. ಇವೆರಡರಲ್ಲಿ ನಿಮ್ಮದು ಯಾವುದು ಅಂತ ತಿಳಿಯದೆ ಏನನ್ನೂ ಮುಟ್ಟಬೇಡಿ.

ಅದನ್ನು ತಿಳಿಯೋದು ಹೇಗೆ?

ಐದು ನಿಮಿಷದ ಕೆಲಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು, ಅಂದರೆ ಪ್ರೊಸೆಸರ್. ಅಲ್ಲಿ ಸ್ಪೀಡ್ ಅಂತ ಗಿಗಾಹರ್ಟ್ಸ್‌ನಲ್ಲಿ ಒಂದು ಅಂಕಿ ಓಡುತ್ತಿರುತ್ತದೆ, ಪಕ್ಕದಲ್ಲಿ ಬೇಸ್ ಸ್ಪೀಡ್ ಅಂತ ಇನ್ನೊಂದು ಅಂಕಿ ಸುಮ್ಮನೆ ನಿಂತಿರುತ್ತದೆ. ಸುಮ್ನೆ ಕೂತ ಲ್ಯಾಪ್‌ಟಾಪ್ ಸ್ಪೀಡ್ ಇಳಿಸಿಕೊಳ್ಳೋದು ಸಹಜ, ಹಾಗಾಗಿ ಒಂದು ವಿಡಿಯೋ ಹಾಕಿ, ನಾಲ್ಕೈದು ಟ್ಯಾಬ್ ತೆರೆದು ಕೆಲಸ ಕೊಡಿ. ಚಾರ್ಜರ್ ಇಲ್ಲದೆ ಒಮ್ಮೆ ನೋಡಿ, ಹಾಕಿ ಒಮ್ಮೆ ನೋಡಿ.

ಚಾರ್ಜರ್ ಹಾಕಿದ ತಕ್ಷಣ ಸ್ಪೀಡ್ 0.4 ಅಥವಾ 0.8ರ ಆಸುಪಾಸಿಗೆ ಬಿದ್ದು ಅಲ್ಲೇ ಅಂಟಿಕೊಂಡರೆ ಅನುಮಾನ ಅಡಾಪ್ಟರ್ ಮೇಲೆ. ಮೊದಲು ಚೆನ್ನಾಗಿದ್ದು, ಹತ್ತು ಹದಿನೈದು ನಿಮಿಷ ಆದ ಮೇಲೆ ಫ್ಯಾನ್ ಜೋರಾಗಿ ಕೂಗಿಕೊಂಡು ಆಮೇಲೆ ಬಿದ್ದರೆ ಬಿಸಿ. ಸ್ಪೀಡ್ ಬೀಳದೆ, ಸಿಪಿಯು ಅಥವಾ ಡಿಸ್ಕ್ ಮಾತ್ರ ಶೇ 100ಕ್ಕೆ ಹೋಗಿ ಕೂತಿದ್ದರೆ ಹಿಂದೆ ಏನೋ ಕೆಲಸ ನಡೆಯುತ್ತಿದೆ. ಇದ್ಯಾವುದೂ ಇಲ್ಲ, ಆದರೂ ಕರ್ಸರ್ ಮಾತ್ರ ಹಾರಾಡುತ್ತದೆ ಅಂದರೆ ಅದು ಸ್ಲೋ ಅಲ್ಲವೇ ಅಲ್ಲ, ಅರ್ತಿಂಗ್ ಬಗ್ಗೆ ಇರುವ ಪ್ರಶ್ನೆಗೆ ಹೋಗಿ.

ಸ್ಪೀಡ್ 0.79ಕ್ಕೆ ಬಂದು ನಿಂತಿದೆ. ಅಡಾಪ್ಟರ್‌ಗೂ ಪ್ರೊಸೆಸರ್‌ಗೂ ಏನು ಸಂಬಂಧ?

ಬಹಳ ಸಂಬಂಧ ಇದೆ. ಉದಾಹರಣೆಗೆ ಡೆಲ್ ಲ್ಯಾಪ್‌ಟಾಪ್‌ನ ಉರುಟು ಪಿನ್ ನೋಡಿ, ಮಧ್ಯದಲ್ಲಿ ಸೂಜಿಯಂಥ ಒಂದು ಸಣ್ಣ ಪಿನ್ ಇರುತ್ತದೆ. ಅದರಲ್ಲಿ ಬರೋದು ಲ್ಯಾಪ್‌ಟಾಪ್ ಓಡಿಸುವ ಕರೆಂಟ್ ಅಲ್ಲ. ಅಡಾಪ್ಟರ್ ಒಳಗೊಂದು ಪುಟ್ಟ ಚಿಪ್ ಇದೆ, ನಾನು ಇಷ್ಟು ವ್ಯಾಟ್‌ನವನು ಅಂತ ಅದು ಲ್ಯಾಪ್‌ಟಾಪಿಗೆ ಹೇಳೋದು ಈ ಪಿನ್ ಮೂಲಕ. ಆ ಮಾತು ತಲುಪದಿದ್ದರೆ ಲ್ಯಾಪ್‌ಟಾಪ್ ರಿಸ್ಕ್ ತಗೊಳ್ಳೋದಿಲ್ಲ. ಪ್ರೊಸೆಸರ್ ಸ್ಪೀಡ್ ಕಡಿಮೆ ಮಾಡುತ್ತದೆ, ಬ್ಯಾಟರಿ ಚಾರ್ಜ್ ಮಾಡೋದನ್ನೂ ನಿಲ್ಲಿಸಬಹುದು. ಆನ್ ಮಾಡುವಾಗ ಕಪ್ಪು ಪರದೆಯಲ್ಲಿ ಅಡಾಪ್ಟರ್ ಟೈಪ್ ಗೊತ್ತಾಗುತ್ತಿಲ್ಲ ಅನ್ನುವ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ, ನಾವೆಲ್ಲ ಅದನ್ನು ಓದದೆ ಮುಂದೆ ಹೋಗುತ್ತೇವೆ. ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲೂ ಸಣ್ಣ ಪಿನ್ ಇದೆ, ವ್ಯಾಟ್ ಕಡಿಮೆ ಇರುವ ಅಡಾಪ್ಟರ್ ಹಾಕಿದರೆ ಅಲ್ಲೂ ಎಚ್ಚರಿಕೆ ತೋರಿಸುತ್ತದೆ.

ಮಾತು ತಲುಪದೇ ಇರೋಕೆ ಕಾರಣಗಳು ಸಣ್ಣ ಸಣ್ಣವೇ. ಪಿನ್ ಬುಡದಲ್ಲಿ ವೈರ್ ಮಡಿಚಿ ಮಡಿಚಿ ಒಳಗಿನ ತೆಳ್ಳನೆ ತಂತಿ ಕಡಿದಿರುತ್ತದೆ. ಮಧ್ಯದ ಪಿನ್ ಬಾಗಿರುತ್ತದೆ. ಲ್ಯಾಪ್‌ಟಾಪ್ ಕಡೆಯ ಸಾಕೆಟ್, ಅಂಗಡಿಯಲ್ಲಿ ಡಿಸಿ ಜಾಕ್ ಅಂತಾರಲ್ಲ ಅದು, ಸಡಿಲ ಆಗಿರುತ್ತದೆ. ಇಲ್ಲವೇ ಅಡಾಪ್ಟರ್ ಡೂಪ್ಲಿಕೇಟ್, ಅದರಲ್ಲಿ ಚಿಪ್ಪೇ ಸರಿಯಿಲ್ಲ.

ಖಚಿತ ಮಾಡಿಕೊಳ್ಳೋದು ಸುಲಭ. ಡೆಲ್ ಆದರೆ ಆನ್ ಆಗುವಾಗ ಎಫ್ 2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲು ಬರುವ ಸೆಟ್ಟಿಂಗ್ ಪರದೆಗೆ ಹೋಗಿ, ಬ್ಯಾಟರಿ ಮಾಹಿತಿ ಇರುವ ಕಡೆ ಎಸಿ ಅಡಾಪ್ಟರ್ ಮುಂದೆ 65 ವ್ಯಾಟ್ ಅಂತಲೋ 90 ಅಂತಲೋ ಬರೆದಿರುತ್ತದೆ. ಅನ್‌ನೋನ್ ಅಂತಿದ್ದರೆ ರೋಗ ಸಿಕ್ಕಿತು. ಅದಕ್ಕಿಂತ ಸುಲಭ ಅಂದರೆ, ಪಕ್ಕದ ರೂಮಿನವರ ಹತ್ತಿರ ಅದೇ ಕಂಪನಿಯ, ಅಷ್ಟೇ ವ್ಯಾಟ್‌ನ ಅಡಾಪ್ಟರ್ ಇಸ್ಕೊಂಡು ಹಾಕಿ ನೋಡೋದು. ಸರಸ್ವತಿಪುರಂ, ವಿಜಯನಗರ ಕಡೆ ಪಿಜಿಗಳಲ್ಲಿ ಇರುವವರಿಗೆ ಇದಕ್ಕೆ ಕಷ್ಟವೇ ಇಲ್ಲ.

ಪಿನ್ ಸರಿಯಾಗಿ ಸೇರುತ್ತೆ, ಯಾವುದಾದರೇನು ಅಂತ ಅಂಗಡಿಯವರು ಹೇಳಿದರು. ನಿಜಾನಾ?

ಅಲ್ಲ. ಪಿನ್ ಸೇರೋದು ಬೇರೆ, ಕರೆಂಟ್ ಸಾಲೋದು ಬೇರೆ. ಅಡಾಪ್ಟರ್ ಹಿಂದಿನ ಲೇಬಲ್‌ನಲ್ಲಿ ಔಟ್‌ಪುಟ್ ಅಂತ ಇರುತ್ತದೆ, ಅಲ್ಲಿರುವ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ. 19.5 ವೋಲ್ಟ್, 3.34 ಆಂಪಿಯರ್ ಅಂದರೆ 65 ವ್ಯಾಟ್. ಅದೇ 19.5 ವೋಲ್ಟ್, 4.62 ಆಂಪಿಯರ್ ಅಂದರೆ 90 ವ್ಯಾಟ್. ನೋಡೋಕೆ ಎರಡೂ ಅಣ್ಣತಮ್ಮಂದಿರು. ಗ್ರಾಫಿಕ್ಸ್ ಕಾರ್ಡ್ ಇರುವ 130 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ 65ರದ್ದು ಹಾಕಿದರೆ ಅದು ಆನ್ ಆಗುತ್ತದೆ, ಚಾರ್ಜ್ ಆದ ಹಾಗೂ ತೋರಿಸಬಹುದು, ಕೆಲಸ ಕೊಟ್ಟಾಗ ಮಾತ್ರ ಕೈ ಎತ್ತುತ್ತದೆ. ವೋಲ್ಟೇಜ್ ಒಂದೇ ಇರಬೇಕು, ವ್ಯಾಟ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ವ್ಯಾಟ್ ಜಾಸ್ತಿ ಇದ್ದರೆ ಸುಟ್ಟುಹೋಗುತ್ತದೆ ಅನ್ನೋದು ಸುಳ್ಳು, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಹೊಸದು ಕೊಳ್ಳುವಾಗ ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಭಾರತದಲ್ಲಿ ಮಾರುವ ಲ್ಯಾಪ್‌ಟಾಪ್ ಅಡಾಪ್ಟರ್‌ಗೆ ಈ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದ್ದು ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ನಾಚಿಕೆ ಏನೂ ಬೇಡ. ತೂಕದಲ್ಲೂ ಗೊತ್ತಾಗುತ್ತದೆ, 90 ವ್ಯಾಟ್ ಅಂತ ಬರೆದು ಕೈಗೆ ಹಗುರವಾಗಿದ್ದರೆ ನನಗಂತೂ ಅನುಮಾನವೇ.

ನನ್ನದು ಟೈಪ್ ಸಿ. ಫೋನ್ ಚಾರ್ಜರ್ ಹಾಕಬಹುದಾ?

ರಾತ್ರಿ ಆಫ್ ಮಾಡಿ ಚಾರ್ಜಿಗೆ ಇಡೋಕೆ ನಡೆಯಬಹುದು. ಕೆಲಸ ಮಾಡುತ್ತಾ ಹಾಕಿದರೆ ಎಷ್ಟೋ ಸಲ ಸ್ಲೋ ಆಗುತ್ತದೆ. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 45, 65 ಅಥವಾ 100 ವ್ಯಾಟ್ ಬೇಕು, ಅದೂ ಪವರ್ ಡೆಲಿವರಿ ಅನ್ನುವ ಪದ್ಧತಿಯಲ್ಲಿ. ಫೋನ್ ಚಾರ್ಜರ್ ಮೇಲೆ 67 ವ್ಯಾಟ್, 80 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇದ್ದರೂ ಎಷ್ಟೋ ಸಲ ಅಷ್ಟು ಸಿಗೋದು ಆ ಕಂಪನಿಯ ಫೋನಿಗೆ ಮಾತ್ರ, ಲ್ಯಾಪ್‌ಟಾಪಿಗೆ ಅದರ ಸಣ್ಣ ಪಾಲು. ಸಣ್ಣಕ್ಷರದಲ್ಲಿ 20 ವೋಲ್ಟ್ ಅಂತ ಇದೆಯಾ, ಅದರ ಮುಂದೆ ಎಷ್ಟು ಆಂಪಿಯರ್ ಇದೆ ಅಂತ ಹುಡುಕಿ.

ಕೇಬಲ್ ಕೂಡ ಮುಖ್ಯ. ಗುರುತಿನ ಚಿಪ್ ಇಲ್ಲದ ಸಾಧಾರಣ ಟೈಪ್ ಸಿ ಕೇಬಲ್‌ನಲ್ಲಿ 3 ಆಂಪಿಯರ್ ಮೀರಿ ಹರಿಯೋದಿಲ್ಲ. 20 ವೋಲ್ಟ್‌ಗೆ ಅದು 60 ವ್ಯಾಟ್ ಆಯಿತು. 100 ವ್ಯಾಟ್ ಚಾರ್ಜರ್ ತಂದು ಹಳೇ ಕೇಬಲ್ಲೇ ಸಿಕ್ಕಿಸಿದರೆ ಕೊಟ್ಟ ದುಡ್ಡು ದಂಡ. ಇನ್ನೊಂದು, ಎರಡು ಟೈಪ್ ಸಿ ತೂತು ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಚಾರ್ಜಿಗೆ, ಇನ್ನೊಂದು ಬರೀ ಡೇಟಾಗೆ ಇರಬಹುದು, ಪಕ್ಕದ ಚಿಹ್ನೆ ನೋಡಿ ಹಾಕಿ.

ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಅದರಲ್ಲಿ BD PROCHOT ಅನ್ನುವ ಕಡೆ ಇರುವ ಟಿಕ್ ತೆಗೆದರೆ ಸರಿಹೋಗುತ್ತೆ ಅಂತಾರಲ್ಲ?

ಸರಿಹೋದ ಹಾಗೆ ಕಾಣುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಿಸಿಯಾದಾಗ ತಾನೇ ನಿಧಾನ ಆಗೋಕೆ ಒಂದು ಸಂಕೇತದ ತಂತಿ ಇದೆ. ಅದೇ ತಂತಿಯನ್ನು ಮದರ್‌ಬೋರ್ಡಿನ ಬೇರೆ ಭಾಗಗಳೂ ಎಳೆದು ಪ್ರೊಸೆಸರನ್ನು ನಿಧಾನ ಮಾಡಬಹುದು. ಅಡಾಪ್ಟರ್ ಗುರುತು ಸಿಗದಿದ್ದಾಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಡೆಯೋದು ಇದೇ. ಟಿಕ್ ತೆಗೆದರೆ ಪ್ರೊಸೆಸರ್ ಆ ಹೊರಗಿನ ಕೂಗಿಗೆ ಕಿವಿಗೊಡೋದಿಲ್ಲ, ಸ್ಪೀಡ್ ತಕ್ಷಣ ಏರುತ್ತದೆ. ರೋಗ ಇದೇನಾ ಅಂತ ಪತ್ತೆ ಮಾಡೋಕೆ ಐದು ನಿಮಿಷ ಮಾಡಿ ನೋಡಿ, ಬೇಡ ಅನ್ನೋದಿಲ್ಲ. ಆದರೆ ನಿಜಕ್ಕೂ ವ್ಯಾಟ್ ಸಾಲದ ಅಡಾಪ್ಟರ್ ಇಟ್ಟುಕೊಂಡು ಇದನ್ನೇ ದಿನಾ ಮಾಡಿದರೆ ಆ ಹೊರೆಯೆಲ್ಲ ಅಡಾಪ್ಟರ್ ಮೇಲೆ ಬೀಳುತ್ತದೆ. ಅದು ಕಾದು ಆಫ್ ಆಗಬಹುದು, ಡೂಪ್ಲಿಕೇಟ್ ಆದರೆ ಕರಗಲೂಬಹುದು. ಸಾವಿರ, ಎರಡು ಸಾವಿರದ ಅಡಾಪ್ಟರ್ ಉಳಿಸೋಕೆ ಹೋಗಿ ಲ್ಯಾಪ್‌ಟಾಪನ್ನೇ ಪಣಕ್ಕಿಡಬೇಡಿ ಅನ್ನೋದು ನನ್ನ ಅಭಿಪ್ರಾಯ.

ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಸ್ಲೋ ಆಗುತ್ತದೆ. ಬಿಸಿ ಅಂದಿರಿ, ಬ್ಯಾಟರಿಯಲ್ಲಿ ಯಾಕೆ ಬಿಸಿ ಆಗಲ್ಲ?

ಪ್ಲಗ್ ಹಾಕಿದಾಗ ಬಿಸಿಗೆ ಎರಡು ದಾರಿ. ಪ್ರೊಸೆಸರ್ ಪೂರ್ತಿ ಸ್ಪೀಡಿಗೆ ಹೋಗುತ್ತದೆ, ಅದರ ಜೊತೆಗೆ ಬ್ಯಾಟರಿ ಚಾರ್ಜ್ ಆಗುವ ಬಿಸಿಯೂ ಸೇರುತ್ತದೆ. ಒಳಗೆ ಧೂಳು ತುಂಬಿದ್ದರೆ ಎರಡನ್ನೂ ಹೊರಹಾಕೋಕೆ ಫ್ಯಾನ್ ಕೈಲಿ ಆಗೋದಿಲ್ಲ. ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಮ್ಮನ್ನು ಉಳಿಸಿಕೊಳ್ಳೋಕೆ ಸ್ಪೀಡ್ ಕತ್ತರಿಸುತ್ತವೆ. ಎಚ್‌ಡಬ್ಲ್ಯುಇನ್‌ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಡಿಗ್ರಿ ಎಷ್ಟು, ಥ್ರಾಟ್ಲಿಂಗ್ (ಹೀಗೆ ಸ್ಪೀಡ್ ಕತ್ತರಿಸೋದು) ಆಗುತ್ತಿದೆಯಾ ಇಲ್ವಾ ಎರಡೂ ಕಾಣುತ್ತದೆ.

ಮಂಡ್ಯ, ಪಾಂಡವಪುರ ಕಡೆಯವರಿಗೆ ಒಂದು ಮಾತು. ಮನೆ ಪಕ್ಕ ಆಲೆಮನೆ ಇದ್ದರೆ ಒಲೆಯ ಬೂದಿ, ಹೊಗೆಯ ಜಿಡ್ಡು ಗಾಳಿಯಲ್ಲಿ ಬಂದು ಫ್ಯಾನ್ ಮುಂದಿನ ಸಣ್ಣ ಜಾಲರಿಯಲ್ಲಿ ಕೂರುತ್ತದೆ. ಹಿಟ್ಟಿನ ಗಿರಣಿ ಪಕ್ಕವೂ ಅದೇ ಕಥೆ. ಇದು ಒಣ ಧೂಳಿನ ಹಾಗೆ ಊದಿದರೆ ಹೋಗೋದಿಲ್ಲ, ಹಿಂದಿನ ಮುಚ್ಚಳ ಬಿಚ್ಚಿ ಬ್ರಷ್‌ನಿಂದಲೇ ತೆಗೆಯಬೇಕು. ನೀವೇ ಬಿಚ್ಚುವುದಾದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಕನೆಕ್ಟರ್ ಬಿಡಿಸಿಯೇ ಕೈ ಹಾಕಿ. ಊದುವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಿ. ಲ್ಯಾಪ್‌ಟಾಪ್ ಮೂರ್ನಾಲ್ಕು ವರ್ಷ ಹಳೆಯದಾಗಿದ್ದರೆ ಪ್ರೊಸೆಸರ್ ಮೇಲೆ ಬಿಸಿ ದಾಟಿಸೋಕೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಕ್ಲೀನ್ ಮಾಡಿಸುವಾಗಲೇ ಅದನ್ನೂ ಬದಲಾಯಿಸಿಕೊಳ್ಳಿ.

ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟು ಬಳಸಿದರೆ ಕೆಳಗಿನ ಗಾಳಿ ತೂತು ಮುಚ್ಚಿಹೋಗುತ್ತದೆ. ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ಹಿಂಬದಿಗೆ ಎರಡು ಹಳೇ ನೋಟ್‌ಬುಕ್ ಕೊಟ್ಟು ಎತ್ತರಿಸಿ ನೋಡಿ, ತುಂಬಾ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಬ್ಯಾಟರಿ ಸತ್ತಿದೆ, ಪ್ಲಗ್‌ನಲ್ಲೇ ಓಡಿಸುತ್ತೇನೆ. ಅದಕ್ಕೂ ಸ್ಲೋ ಆಗುತ್ತಾ?

ಆಗಬಹುದು. ಒಂದೇ ಸಲ ಜಾಸ್ತಿ ಕರೆಂಟ್ ಬೇಕಾದಾಗ ಅಡಾಪ್ಟರ್ ಜೊತೆ ಬ್ಯಾಟರಿಯೂ ಕೈ ಜೋಡಿಸುವ ಹಾಗೆ ಹಲವು ಲ್ಯಾಪ್‌ಟಾಪ್ ಮಾಡಿರುತ್ತಾರೆ. ಬ್ಯಾಟರಿ ಸತ್ತಿದ್ದರೆ ಅಥವಾ ತೆಗೆದಿದ್ದರೆ ಆ ಸಹಾಯ ಇಲ್ಲ, ಹಾಗಾಗಿ ಸ್ಪೀಡಿಗೆ ಮೊದಲೇ ಮಿತಿ ಹಾಕಿಕೊಳ್ಳುತ್ತವೆ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಬರುತ್ತದೆ, ಎರಡನೆಯದು ಮೊದಲಿನದರ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಾಯಿಸುವ ಕಾಲ ಬಂದಿದೆ.

ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಚಾರ್ಜ್ ಮಾಡೋದು ಅವತ್ತೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ.

ಸ್ಪೀಡ್ ಚೆನ್ನಾಗಿದೆ, ಆದರೆ ಡಿಸ್ಕ್ ಶೇ 100. ಚಾರ್ಜರ್ ಹಾಕಿದಾಗ ಮಾತ್ರ ಯಾಕೆ?

ಯಾಕೆಂದರೆ ವಿಂಡೋಸ್ ಚಾರ್ಜರ್‌ಗೇ ಕಾಯುತ್ತಿರುತ್ತದೆ. ಆಟೋಮ್ಯಾಟಿಕ್ ಮೇಂಟೆನೆನ್ಸ್ ಅಂತ ಒಂದಿದೆ, ಅದು ಬ್ಯಾಟರಿಯಲ್ಲಿ ಓಡೋದಿಲ್ಲ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಕೆಲಸ ಸೇರಿಸಿದರೆ ಎಸಿ ಪವರ್ ಇದ್ದಾಗ ಮಾತ್ರ ಶುರು ಮಾಡು ಅನ್ನುವ ಟಿಕ್ ಮೊದಲೇ ಬಿದ್ದಿರುತ್ತದೆ. ಬ್ಯಾಟರಿ ಸೇವರ್ ಆನ್ ಇದ್ದಾಗ ನಿಂತಿದ್ದ ಒನ್‌ಡ್ರೈವ್ ಸಿಂಕ್ ಕೂಡ ಆಮೇಲೆ ಎದ್ದು ಕೂರುತ್ತದೆ. ಕಾಲೇಜಿಗೆ ಹೊತ್ತುಕೊಂಡು ಹೋಗಿ ಇಡೀ ದಿನ ಬ್ಯಾಟರಿಯಲ್ಲಿ ಬಳಸಿ, ಸಂಜೆ ಮನೆಗೆ ಬಂದು ಪ್ಲಗ್ ಹಾಕಿದಾಗ ಅಪ್‌ಡೇಟ್, ಸ್ಕ್ಯಾನ್, ಇಂಡೆಕ್ಸಿಂಗ್ ಎಲ್ಲ ಒಟ್ಟಿಗೆ ಮುಗಿಬೀಳುತ್ತವೆ. ಅದರಲ್ಲೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮುಗಿಯಿತು, ಫೋಲ್ಡರ್ ತೆರೆಯೋಕೂ ಕಾಯಬೇಕು.

ಪರಿಹಾರ ಬೇಜಾರಿನದ್ದು, ಆದರೆ ಕೆಲಸ ಮಾಡುತ್ತದೆ. ಒಂದು ರಾತ್ರಿ ಚಾರ್ಜರ್, ಇಂಟರ್ನೆಟ್ ಎರಡೂ ಕೊಟ್ಟು, ಸ್ಲೀಪ್ ಆಗದ ಹಾಗೆ ಮಾಡಿ ಸುಮ್ಮನೆ ಬಿಡಿ. ಬೆಳಗ್ಗೆಯೂ ಹಾಗೇ ಇದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕಾಲಂ ಮೇಲೆ ಒತ್ತಿ, ಯಾವುದು ಮೇಲೆ ಬರುತ್ತದೋ ಅದನ್ನು ಹಿಡಿಯಿರಿ. ಎರಡು ಆ್ಯಂಟಿವೈರಸ್ ಇಟ್ಟುಕೊಂಡಿರುವವರು ಮೊದಲು ಒಂದನ್ನು ತೆಗೆಯಿರಿ. ಹಾರ್ಡ್ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಹಳೇ ಲ್ಯಾಪ್‌ಟಾಪ್‌ಗೂ ಜೀವ ಬರುತ್ತದೆ, ಈ ತೊಂದರೆಗೆ ಅದು ನಿಜವಾದ ಔಷಧ. ಮೇಲೆ ಹೇಳಿದ ಅಡಾಪ್ಟರ್ ತೊಂದರೆಗೆ ಮಾತ್ರ ಎಸ್‌ಎಸ್‌ಡಿಯಿಂದ ಏನೂ ಪ್ರಯೋಜನ ಇಲ್ಲ.

ಸೆಟ್ಟಿಂಗ್‌ನಲ್ಲೇ ಏನಾದರೂ ತಪ್ಪಿರಬಹುದಾ?

ಇರಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ನೋಡಿ. ಬ್ಯಾಟರಿಗೆ ಒಂದು, ಪ್ಲಗ್‌ಗೆ ಒಂದು ಅಂತ ಬೇರೆ ಬೇರೆ ಅಂಕಿ ಇರುತ್ತದೆ. ಪ್ಲಗ್ಡ್ ಇನ್ ಮುಂದೆ ಶೇ 100 ಇರಬೇಕು. ಬಿಸಿ ಕಡಿಮೆ ಆಗಲಿ ಅಂತ ಯಾರೋ 50 ಮಾಡಿ ಮರೆತಿರುತ್ತಾರೆ. 99 ಮಾಡಿದರೂ ಸಾಮಾನ್ಯವಾಗಿ ಟರ್ಬೋ, ಅಂದರೆ ಬೇಸ್ ಸ್ಪೀಡ್ ಮೀರಿ ಓಡೋದು, ನಿಂತುಹೋಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣದೇ ಇರಬಹುದು, ಆಗ ಸೆಟ್ಟಿಂಗ್ಸ್‌ನ ಪವರ್ ಮೋಡ್ ನೋಡಿದರೆ ಸಾಕು. ಲ್ಯಾಪ್‌ಟಾಪ್ ಕಂಪನಿಯದ್ದೇ ಆ್ಯಪ್‌ನಲ್ಲಿ ಸೈಲೆಂಟ್ ಅಥವಾ ಕ್ವೈಟ್ ಮೋಡ್ ಆನ್ ಆಗಿದೆಯಾ ಅಂತಲೂ ನೋಡಿ.

ನಮ್ಮೂರಲ್ಲಿ ವೋಲ್ಟೇಜ್ ತುಂಬಾ ಕಡಿಮೆ. ಅದಕ್ಕೇ ಸ್ಲೋ ಆಗುತ್ತಿದೆಯಾ?

ಸಾಮಾನ್ಯವಾಗಿ ಇಲ್ಲ. ಅಡಾಪ್ಟರ್ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇರುತ್ತದೆ. 230 ಬರಬೇಕಾದ ಕಡೆ 170 ಬಂದರೂ ಒಳ್ಳೇ ಅಡಾಪ್ಟರ್ ತನ್ನ 19.5 ವೋಲ್ಟ್ ಕೊಟ್ಟೇ ಕೊಡುತ್ತದೆ. ಟ್ಯೂಬ್‌ಲೈಟ್ ಮಿಣುಕುವ ಹೊತ್ತಲ್ಲೂ ಲ್ಯಾಪ್‌ಟಾಪ್ ಓಡೋದು ಅದಕ್ಕೇ. ತೊಂದರೆ ಕೊಡೋದು ಸಡಿಲ ಸಾಕೆಟ್. ಪ್ಲಗ್ ಅಲ್ಲಾಡಿಸಿದರೆ ಚಾರ್ಜ್ ಬಂದು ಹೋಗಿ ಮಾಡುತ್ತಿದ್ದರೆ, ಪ್ರತಿ ಸಲ ಲ್ಯಾಪ್‌ಟಾಪ್ ಬ್ಯಾಟರಿ ಮೋಡ್‌ಗೆ ಹೋಗಿ ವಾಪಸ್ ಬರುತ್ತದೆ, ಪರದೆ ಮಂಕಾಗಿ ಬೆಳಗುತ್ತದೆ, ನಡುವೆ ಎಲ್ಲ ಒಂದು ಕ್ಷಣ ನಿಂತ ಹಾಗಾಗುತ್ತದೆ. ಇಡೀ ಬೀದಿಗೇ ವೋಲ್ಟೇಜ್ ಏರುಪೇರಾಗುತ್ತಿದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನವರ 1912ಕ್ಕೆ ಫೋನ್ ಮಾಡಿ ದೂರು ಬರೆಸಿ.

ಚಾರ್ಜರ್ ಹಾಕಿದಾಗ ಕರ್ಸರ್ ಹಾರಾಡುತ್ತೆ, ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಂ ಅನ್ನುತ್ತೆ.

ಇದು ಅರ್ತಿಂಗ್ ತೊಂದರೆ. ಅಡಾಪ್ಟರ್‌ನಿಂದ ಬರುವ ಅತಿ ಸಣ್ಣ ಸೋರಿಕೆ ಕರೆಂಟ್ ಅರ್ತ್ ಮೂಲಕ ಹೋಗಬೇಕು, ಅರ್ತ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಮೈಯಲ್ಲೇ ಉಳಿಯುತ್ತದೆ. ಟಚ್‌ಪ್ಯಾಡ್ ಬೆರಳನ್ನು ಗುರುತಿಸೋದೂ ವಿದ್ಯುತ್ತಿನಿಂದಲೇ ಆದ್ದರಿಂದ ಅದು ಗಲಿಬಿಲಿಯಾಗುತ್ತದೆ. ನೋಡುವವರಿಗೆ ಲ್ಯಾಪ್‌ಟಾಪ್ ಹ್ಯಾಂಗ್ ಆದ ಹಾಗೆ ಅನಿಸುತ್ತದೆ. ಒಂದು ಯುಎಸ್‌ಬಿ ಮೌಸ್ ಹಾಕಿ ನೋಡಿ, ಆಗ ಸರಾಗ ಓಡಿದರೆ ಇದೇ. ಅಗ್ರಹಾರ, ಚಾಮರಾಜಪುರಂ ಕಡೆ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇಲ್ಲದಿರಬಹುದು. ಮೂರು ಪಿನ್ ಪ್ಲಗ್ಗಿಗೆ ಎರಡು ಪಿನ್ ಕನ್ವರ್ಟರ್ ಹಾಕಿದರೂ ಅದೇ ಫಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ನೋಡಿಸಿ. ಇದು ಲ್ಯಾಪ್‌ಟಾಪಿಗಿಂತ ನಿಮ್ಮ ಗೀಸರ್, ವಾಷಿಂಗ್ ಮೆಷಿನ್ ಮುಟ್ಟುವವರಿಗೆ ಮುಖ್ಯ.

ಮ್ಯಾಕ್‌ಬುಕ್‌ನಲ್ಲೂ ಹೀಗಾಗುತ್ತಾ?

ಇಂಟೆಲ್ ಪ್ರೊಸೆಸರ್ ಇರುವ ಹಳೆಯವುಗಳಲ್ಲಿ ಆಗುತ್ತದೆ. ಆ್ಯಕ್ಟಿವಿಟಿ ಮಾನಿಟರ್ ತೆರೆದರೆ ಕರ್ನಲ್ ಟಾಸ್ಕ್ ಅನ್ನೋದು ಸಿಪಿಯು ಪೂರ್ತಿ ತಿನ್ನುತ್ತಿರುವ ಹಾಗೆ ಕಾಣುತ್ತದೆ. ಅದು ತಿನ್ನುತ್ತಿಲ್ಲ, ಬಿಸಿ ಇಳಿಯಲಿ ಅಂತ ಬೇರೆ ಪ್ರೋಗ್ರಾಂಗಳಿಗೆ ಸಿಪಿಯು ಸಿಗದ ಹಾಗೆ ಅಡ್ಡ ನಿಂತಿದೆ. ಎರಡೂ ಪಕ್ಕ ಟೈಪ್ ಸಿ ಇರುವ ಮಾಡೆಲ್ ಆದರೆ ಎಡಗಡೆಯಿಂದ ಕಿತ್ತು ಬಲಗಡೆಗೆ ಚಾರ್ಜರ್ ಹಾಕಿ ನೋಡಿ, ಎಷ್ಟೋ ಜನಕ್ಕೆ ಇಷ್ಟರಲ್ಲೇ ಸರಿಹೋಗಿದೆ.

ಏನೂ ಖರ್ಚಿಲ್ಲದೆ ಮಾಡಬಹುದಾದ್ದು ಇದೆಯಾ?

ಇದೆ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ಮೊದಲು ಅದನ್ನೂ ತೆಗೆಯಿರಿ. ಕರೆಂಟ್, ಫ್ಯಾನ್ ನೋಡಿಕೊಳ್ಳುವ ಒಳಗಿನ ಕಂಟ್ರೋಲರ್ ಎಷ್ಟೋ ಮಾಡೆಲ್‌ಗಳಲ್ಲಿ ಇದರಿಂದ ಹೊಸದಾಗಿ ಶುರುವಾಗುತ್ತದೆ, ತಪ್ಪಾಗಿ ಕಡಿಮೆ ಸ್ಪೀಡಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಬಿಡುಗಡೆ ಆಗುತ್ತದೆ. ಆಮೇಲೆ ಕಂಪನಿಯ ಸೈಟ್‌ನಿಂದ ಬಯೋಸ್ ಅಪ್‌ಡೇಟ್ ನೋಡಿ. ಅದನ್ನು ಮಾಡುವಾಗ ಚಾರ್ಜರ್ ಇರಬೇಕು, ಬ್ಯಾಟರಿಯಲ್ಲೂ ಚಾರ್ಜ್ ಇರಬೇಕು, ಕರೆಂಟ್ ಹೋಗಿ ಬರುವ ಹೊತ್ತಲ್ಲಿ ಬೇಡ.

ಫಾರ್ಮ್ಯಾಟ್ ಮಾಡಿದರೆ?

ಅಡಾಪ್ಟರ್, ಬಿಸಿ, ಬ್ಯಾಟರಿ ಈ ತೊಂದರೆಗಳಿಗೆ ಫಾರ್ಮ್ಯಾಟ್‌ನಿಂದ ಏನೂ ಪ್ರಯೋಜನ ಇಲ್ಲ.

ಅಂಗಡಿಗೆ ಕೊಡುವಾಗ ಏನು ಹೇಳಬೇಕು?

ಸ್ಲೋ ಅಂತ ಮಾತ್ರ ಹೇಳಿದರೆ ಅವರೂ ಫಾರ್ಮ್ಯಾಟ್ ಅಂತಲೇ ಬರೆದುಕೊಳ್ಳುತ್ತಾರೆ. ಚಾರ್ಜರ್ ಇಲ್ಲದಾಗ ಸ್ಪೀಡ್ ಇಷ್ಟು, ಹಾಕಿದಾಗ ಇಷ್ಟು ಅಂತ ಟಾಸ್ಕ್ ಮ್ಯಾನೇಜರ್‌ನ ಎರಡು ಫೋಟೋ ಫೋನ್‌ನಲ್ಲಿ ತೆಗೆದುಕೊಂಡು ಹೋಗಿ ತೋರಿಸಿ. ಅಡಾಪ್ಟರ್ ಜೊತೆಗೇ ಕೊಡಿ, ಮನೆಯಲ್ಲಿ ಬಿಟ್ಟು ಹೋದರೆ ಅವರ ಹತ್ತಿರ ಇರುವ ಒಳ್ಳೇ ಅಡಾಪ್ಟರ್‌ನಲ್ಲಿ ಸರಿಯಾಗೇ ಓಡಿ ಏನೂ ತೊಂದರೆ ಇಲ್ಲ ಅಂತ ವಾಪಸ್ ಬರುತ್ತದೆ. ಶಿವರಾಂಪೇಟೆ ಇರಲಿ, ಮಂಡ್ಯದ ವಿ.ವಿ. ರಸ್ತೆ ಇರಲಿ, ಮೊದಲು ಒಳ್ಳೇ ಅಡಾಪ್ಟರ್ ಹಾಕಿ ನಿಮ್ಮ ಕಣ್ಣ ಮುಂದೆ ನೋಡಲಿ. ಆಮೇಲೆ ಡಿಸಿ ಜಾಕ್. ಮದರ್‌ಬೋರ್ಡ್ ಹೋಗಿದೆ ಅನ್ನುವ ಮಾತು ಇವೆರಡೂ ಮುಗಿದ ಮೇಲೆ ಬರಬೇಕು, ಮೊದಲ ನಿಮಿಷಕ್ಕೇ ಬಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಇನ್ನೊಂದು ಅಂಗಡಿಗೆ ಹೋಗಿ. ಹೊಸ ಅಡಾಪ್ಟರ್ ಹಾಕಿಸಿದರೆ ಬಿಲ್‌ನಲ್ಲಿ ವ್ಯಾಟ್, ಮಾಡೆಲ್ ನಂಬರ್, ಎಷ್ಟು ತಿಂಗಳ ವಾರಂಟಿ ಅನ್ನೋದನ್ನು ಬರೆಸಿಕೊಳ್ಳಿ.